ಪದ ಬೇಕು: ತಿನ್ನಲು ಬರುವ ಸ್ಟಾರ್ಚ್ ಫಿಲ್ಮ್‌ಗೆ ಏನನ್ನೋಣ?

ಧಾರವಾಡದಿಂದ:
ಮಿಠಾಯಿ ಅಂಗಡಿಯೊಂದರ ಫಲಕ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮಿಠಾಯಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಫಿಲ್ಮ್ 2022ರ ಜುಲೈ 1ರಿಂದ ನಿಷೇಧ, ಗೊತ್ತಲ್ವಾ? ಇವರು ಈಗ ಒಂದೊಂದು ಪೇಡಾಕ್ಕೂ ಗೋವಿನಜೋಳದ ಸ್ಟಾರ್ಚಿನ ಫಿಲ್ಮ್ ಸುತ್ತುತ್ತಾರಂತೆ. ಸ್ಟಾರ್ಚನ್ನು ನೀರು, ಗ್ಲಿಸರಿನ್ ಜೊತೆ ಕಾಯಿಸಿ, ತೆಳ್ಳಗೆ ಹರಡಿ ಒಣಗಿಸಿದ್ದು. ಪೇಡಾ ಜೊತೆ ಅದನ್ನೂ ತಿನ್ನಬಹುದು. ಯಾರೋ 'ಖಾದ್ಯ ಪಿಷ್ಟ ಪಟಲ' ಎಂದು ಬರೆದುಕೊಟ್ಟಿದ್ದಾರೆ. ಅದನ್ನು ಓದಿದವರು ಬಾಯಿಗೆ ಇಡ್ತಾರಾ? ಬೇಗ ಹೇಳಿ.

ಗದಗದಿಂದ:
'ಗಂಜಿಪೊರೆ'. ಮುಗೀತು. ಪಿಷ್ಟ ಅಂದರೆ ಸಂಸ್ಕೃತದಲ್ಲಿ ಅರೆದದ್ದು, ಹಿಟ್ಟು. ಸ್ಟಾರ್ಚ್ ಅನ್ನುವ ಅರ್ಥ ಪಠ್ಯಪುಸ್ತಕದವರು ಅಂಟಿಸಿದ್ದು. ಗಂಜಿ ಅಪ್ಪಟ ದ್ರಾವಿಡ. ತಮಿಳಿನ ಕಂಜಿ ಇದರ ಒಡಹುಟ್ಟು, ಇಂಗ್ಲಿಷಿನ ಕಾಂಜೀ ಬಂದದ್ದೂ ಅಲ್ಲಿಂದಲೇ. ಸೀರೆಗೆ ಗಂಜಿ ಹಾಕುತ್ತೀರಲ್ಲ, ಅದು ಸ್ಟಾರ್ಚ್ ಅಲ್ಲದೆ ಮತ್ತೇನು?

ಹುಬ್ಬಳ್ಳಿಯಿಂದ:
ಗಂಜಿ ಇರಲಿ. ಪೊರೆ ಅಂದರೆ ಮಂದಿಗೆ ನೆನಪಾಗುವುದು ಕಣ್ಣಿನದು, ಇಲ್ಲವೇ ಹಾವಿನದು. ಪೇಡಾ ಮೇಲೆ ಎರಡೂ ಬೇಡ.

ಗದಗದಿಂದ:
ಪೊರೆ ಹಳಗನ್ನಡದ ಪದ. ಮಂದಿಗೆ ಕಲಿಸಬೇಕು.

ಹುಬ್ಬಳ್ಳಿಯಿಂದ:
ಹಾಗಿದ್ದರೆ ಹಳಗನ್ನಡದ ಪಾಲ್ ಇಂದು ಹಾಲಾದಂತೆ ಪೊರೆಯನ್ನೂ ಹೊರೆ ಮಾಡಿ, 'ಗಂಜಿಹೊರೆ' ಎಂದು ಬರೆಸಿ. ಹಮಾಲರು ಬಂದು ಕೇಳುತ್ತಾರೆ.

ಹಾವೇರಿಯಿಂದ:
ಪದ ಆಮೇಲೆ. ಈ ಫಿಲ್ಮ್ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ನೀರಾವಿಯನ್ನು ಅಷ್ಟು ತಡೆಯುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾಗುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದಂತೆ ಮುರಿಯುತ್ತದೆ. ಜಾಸ್ತಿಯಾದರೆ ಕೈಗೆ ಅಂಟುತ್ತದೆ. ಹೊರಗೆ ಡಬ್ಬಿ ಬೇಕೇ ಬೇಕು. ಸುಮ್ನೆ 'ಇನ್ನು ಪ್ಲಾಸ್ಟಿಕ್ ಬೇಡವೇ ಬೇಡ' ಎಂದು ದೊಡ್ಡಕ್ಷರದಲ್ಲಿ ಹಾಕಬೇಡಿ. ಪದ ಬೇಕೇ ಇದ್ದರೆ 'ಗೋವಿನಜೋಳದ ಹಾಳೆ'.

ಹುಬ್ಬಳ್ಳಿಯಿಂದ:
ತೆನೆಯ ಸಿಪ್ಪೆ ಅಂದುಕೊಳ್ಳುತ್ತಾರೆ. ನಡೆಯಲ್ಲ.

ಗದಗದಿಂದ:
ಫಿಲ್ಮ್, ಗ್ಲಿಸರಿನ್, ಪ್ಲಾಸ್ಟಿಕ್. ಒಂದು ಪತ್ರದಲ್ಲಿ ಎಷ್ಟು ಸಾಲದ ಪದ! ಕನ್ನಡ ಉಳಿಯುವುದು ಹೀಗೇನು?

ಹುಬ್ಬಳ್ಳಿಯಿಂದ:
ಪೇಡಾ ಯಾರದು? ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಧಾರವಾಡಕ್ಕೆ ಬಂದ ಕುಟುಂಬದ ಜೊತೆ ಬಂದದ್ದು. ಇಂದು ಊರಿನ ಹೆಸರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದಿದೆ. ಅದಕ್ಕೆ ನೀವು ಪದ ಕಟ್ಟಿದ್ದು ನೋಡಿಲ್ಲ. ತಿನ್ನುವಾಗ ಬೇರು ಕೇಳಲ್ಲ, ಬರೆಯುವಾಗ ಮಾತ್ರ ಕೇಳುತ್ತೀರಿ.

ಗದಗದಿಂದ:
ಪೇಡಾ ಹೆಸರುಪದ, ಅದರ ಮಾತೇ ಬೇರೆ. ಇದಕ್ಕೆ ಉತ್ತರ ಕೊಡುವುದಿಲ್ಲ.

ಧಾರವಾಡದಿಂದ:
ಕಾಯಲು ಆಗಲಿಲ್ಲ. 'ತಿನ್ನುವ ಹಾಳೆ' ಎಂದು ಕೊಟ್ಟೆ. ಕೆಳಗೆ ಸಣ್ಣಕ್ಷರದಲ್ಲಿ 'ಗೋವಿನಜೋಳದ ಗಂಜಿಯಿಂದ ಮಾಡಿದ್ದು'.

ಗದಗದಿಂದ:
ತಿನ್ನುವುದು ಯಾರು? ಹಾಳೆಯೋ, ಗಿರಾಕಿಯೋ?

ಹುಬ್ಬಳ್ಳಿಯಿಂದ:
'ಕುಡಿಯುವ ನೀರು' ಎಂದು ಬಸ್ ಸ್ಟ್ಯಾಂಡಿನಲ್ಲಿ ಬರೆದಿರುತ್ತದೆ. ಅಲ್ಲಿ ನೀರು ಏನು ಕುಡಿಯುತ್ತದೆ ಅಂತ ಕೇಳಿಕೊಂಡು ಬನ್ನಿ.