ಪದಚರ್ಚೆ: ‘ರೂಟ್ಸ್ ರೆಗೆ’, ‘ರಿದಿಮ್’, ‘ಸೌಂಡ್ ಸಿಸ್ಟಮ್’ – ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟು)

ಸುಮಾ:
ಎಲ್ಲರಿಗೂ ನಮಸ್ಕಾರ. ಜಮೈಕಾದ ರೆಗೆ ಸಂಗೀತದ ಬಗ್ಗೆ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ, ನಾಳೆ ಸಂಜೆಯೊಳಗೆ ಕಳಿಸಬೇಕು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಮತ್ತು ಲಂಡನ್‌ನ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ತಮ್ಮ ಅಜ್ಜ ಅಜ್ಜಿ ಕುಣಿದ ಹಾಡುಗಳ ಹಿಂದೆ ಬಿದ್ದಿದ್ದಾರೆ, ಅದರ ಕಥೆ. ಕಿಂಗ್‌ಸ್ಟನ್ನಿನ ಆರೆಂಜ್ ಸ್ಟ್ರೀಟಿನ ಅಂಗಡಿಯಲ್ಲಿ ಧೂಳು ಕೊಡವಿ ಏಳಿಂಚಿನ ರೆಕಾರ್ಡು ಹುಡುಕುತ್ತಾರೆ, ರಾತ್ರಿಯಿಡೀ ಸ್ಪೀಕರಿನ ಮುಂದೆ ನಿಂತಿರುತ್ತಾರೆ, ಮಧ್ಯೆ ಮಧ್ಯೆ ಮಾತು. ಆ ಮಾತಿನಲ್ಲಿ ಪದೇಪದೇ ಬರುವ ಶಬ್ದಗಳು ಇವು: ರೂಟ್ಸ್ ರೆಗೆ, ರಿದಿಮ್, ಸೌಂಡ್ ಸಿಸ್ಟಮ್, ಸೆಲೆಕ್ಟರ್, ಡೀಜೆ. ಸದ್ಯಕ್ಕೆ ‘ಮೂಲ ರೆಗೆ’, ‘ಲಯ’, ‘ಧ್ವನಿವ್ಯವಸ್ಥೆ’ ಅಂತ ಹಾಕಿಟ್ಟಿದ್ದೇನೆ. ಓದಿದರೆ ಏನೋ ಸರಿ ಇಲ್ಲ ಅನ್ನಿಸುತ್ತೆ. ಸಾಲಿಗೆ 38 ಅಕ್ಷರದ ಮಿತಿ ಇದೆ. ಅಡಿಟಿಪ್ಪಣಿಗೆ ಜಾಗ ಇಲ್ಲ. ದಯವಿಟ್ಟು ಇವತ್ತೇ ಹೇಳಿ.

ಬೇರುಗನ್ನಡ:
ರೂಟ್ಸ್ ಅಂದರೆ ಬೇರು. ಹಾಡು ಉಲಿ. ‘ಬೇರುಲಿ’. ನಾಲ್ಕು ಅಕ್ಷರ ಕೂಡ ಆಗಲಿಲ್ಲ, ನಿಮ್ಮ ಮಿತಿಯೊಳಗೆ ಆರಾಮಾಗಿ ಕೂರುತ್ತೆ. ಸೌಂಡ್ ಸಿಸ್ಟಮ್ ‘ಉಲಿಯೇರ್ಪಾಟು’. ರಿದಿಮ್ ‘ಮಿಡಿತ’. ಸೆಲೆಕ್ಟರ್ ‘ಆಯುಗ’. ಇದರಲ್ಲಿ ಕಷ್ಟ ಏನಿದೆ ಅಂತ ಗೊತ್ತಾಗಲಿಲ್ಲ. ‘ಸಾಕ್ಷ್ಯಚಿತ್ರ’ ಅನ್ನೋದನ್ನೂ ಬಿಡಬಹುದಿತ್ತು, ಅದು ಇನ್ನೊಂದು ದಿನ.

ಹಳೇ ರೆಕಾರ್ಡು:
‘ಬೇರುಲಿ’ ಅಂತ ತೆರೆ ಮೇಲೆ ಬಂದರೆ ಜನ ಅದನ್ನು ನಾಟಿ ಔಷಧ ಅಂದುಕೊಳ್ಳುತ್ತಾರೆ. ಬೇಡ.

ಸುಮಾ ಅವರೇ, ‘ಮೂಲ ರೆಗೆ’ ಮೊದಲು ತೆಗೆಯಿರಿ. ಅದು ತಪ್ಪು ಅರ್ಥ ಕೊಡುತ್ತೆ. ಮೂಲ ಅಂದ ತಕ್ಷಣ ‘ಮೊದಲನೆಯದು’ ಅಂತ ಓದುತ್ತಾರೆ. ರೂಟ್ಸ್ ಮೊದಲ ರೆಗೆ ಅಲ್ಲ. ಜಮೈಕಾದಲ್ಲಿ ಮೊದಲು ಸ್ಕಾ ಅನ್ನೋ ಕುಣಿತದ ಸಂಗೀತ, ಆಮೇಲೆ 1966ರಿಂದ ಒಂದೆರಡು ವರ್ಷ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗೆ. ಆ ಮೊದಲ ರೆಗೆ ಜೋರು ಕುಣಿತದ್ದು, ಆರ್ಗನ್ ಗಲಾಟೆಯದ್ದು. ರೂಟ್ಸ್ ಬಂದದ್ದು 70ರ ದಶಕದಲ್ಲಿ. ನಡೆ ನಿಧಾನ ಆಯಿತು, ಬೇಸ್ ದಪ್ಪ ಆಯಿತು, ಮಾತು ಗುಲಾಮಗಿರಿ, ಬಡತನ, ಆಫ್ರಿಕಾ, ರಾಸ್ತಫಾರಿ ನಂಬಿಕೆಯ ಕಡೆ ತಿರುಗಿತು. 1966ರ ಏಪ್ರಿಲ್ 21ರಂದು ರಾಸ್ತಫಾರಿಗಳು ದೇವರೆಂದು ನಂಬುವ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಕಿಂಗ್‌ಸ್ಟನ್‌ನಲ್ಲಿ ಇಳಿದಾಗ ವಿಮಾನದ ಸುತ್ತ ಮುತ್ತಿಕೊಂಡ ಜನರ ಮನಸ್ಸು ಹಾಡಿಗೆ ಬರೋದಕ್ಕೆ ಅಷ್ಟು ವರ್ಷ ಹಿಡಿಯಿತು ಅನ್ನಿ. ಹಾಗಾಗಿ ರೂಟ್ಸ್ ಅಂದರೆ ಕಾಲ ಅಲ್ಲ, ತಾವು ಎಲ್ಲಿಂದ ಬಂದವರು ಅನ್ನೋ ಮಾತು. ಹೆಸರಾಗಿ ಬಂದಾಗ ‘ರೂಟ್ಸ್ ರೆಗೆ’ ಅಂತಲೇ ಬಿಡಿ. ಮಾತಿನ ನಡುವೆ ಯಾರಾದರೂ ‘ನನ್ನ ರೂಟ್ಸ್’ ಅಂದರೆ ‘ಬೇರು’ ಅಂತ ಧಾರಾಳವಾಗಿ ಹಾಕಿ.

ಬೇರುಗನ್ನಡ:
ನಗೋದು ಸುಲಭ. ಇಂಟರ್ನೆಟ್ಟಿಗೆ ‘ಮಿಂಬಲೆ’ ಅಂದಾಗಲೂ ಮೊದಲು ನಕ್ಕಿದ್ದರು.

ಇನ್ನೊಂದು ವಿಷಯ, ಯಾರೂ ಗಮನಿಸಿದ ಹಾಗೆ ಇಲ್ಲ. ಜಮೈಕಾ ಮಾತಿನಲ್ಲಿ ‘ರೆಗೆ-ರೆಗೆ’ ಅಂತ ಪದ ಇದೆ, ಅರ್ಥ ಜಗಳ, ರಂಪ. ಅಲ್ಲಿನ ನಿಘಂಟಿನಲ್ಲೇ ಇದೆ. ನಮ್ಮಲ್ಲಿ ‘ರೇಗು’, ‘ರೇಗಾಡು’. ಉಲಿ ಒಂದೇ, ಅರ್ಥ ಒಂದೇ. ಇದನ್ನು ಕಾಕತಾಳೀಯ ಅನ್ನುವವರು ಪುರಾವೆ ಕೊಡಲಿ.

ಹಳೇ ರೆಕಾರ್ಡು:
ಪುರಾವೆ ಕೊಡಬೇಕಾದವರು ನೀವು. ‘ರೆಗೆ-ರೆಗೆ’ಗೆ ಹರಕು ಬಟ್ಟೆ ಅನ್ನೋ ಅರ್ಥವೂ ಅದೇ ನಿಘಂಟಿನಲ್ಲಿದೆ. ಅದಕ್ಕೆ ಯಾವ ಕನ್ನಡ ಪದ ತರುತ್ತೀರಿ? ಮುಂದೆ ಹೋಗೋಣ.

ಹೊನ್ನಾವರದ ಮೇಷ್ಟ್ರು:
‘ರಿದಿಮ್’ಗೆ ಲಯ, ಮಿಡಿತ ಎರಡೂ ಆಗದು. ಅದು ತಾಳದ ಹೆಸರಲ್ಲ ಅಂತ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಡ್ರಮ್ಮು, ಬೇಸು ಸೇರಿ ಒಂದು ಹಿಮ್ಮೇಳದ ಕಟ್ಟು. ಅದೇ ಕಟ್ಟಿನ ಮೇಲೆ ಹತ್ತಾರು ಜನ ಬೇರೆ ಬೇರೆ ಹಾಡು ಹಾಡುತ್ತಾರೆ. ಇದಕ್ಕೆ ನಮ್ಮಲ್ಲಿ ಚೆಂದದ ಪದ ಇದೆ, ‘ಮಟ್ಟು’. ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ಎಷ್ಟು ಪದ್ಯ ಕಟ್ಟಿದ್ದಾರೆ ಲೆಕ್ಕ ಇದೆಯಾ? ಹಳೆಯ ಹಾಡಿನ ಪುಸ್ತಕಗಳಲ್ಲೂ ಮೇಲ್ಗಡೆ ‘ಇಂಥ ಹಾಡಿನ ಮಟ್ಟು’ ಅಂತ ಬರೆದಿರುತ್ತಿತ್ತು, ಓದುವವರು ತಕ್ಷಣ ಹಾಡಿಬಿಡುತ್ತಿದ್ದರು. ಮಟ್ಟು ಬಂದದ್ದು ‘ಮೆಟ್ಟು’ ಧಾತುವಿನಿಂದ, ಕುಣಿತದ ಹೆಜ್ಜೆಯಿಂದ ಅಂತ ನನ್ನ ಊಹೆ. ಕುಣಿಯೋ ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತೆ?

ಸುಮಾ:
ಮೇಷ್ಟ್ರೇ, ಮಟ್ಟು ಬಹಳ ಹಿಡಿಸಿತು! ಎರಡಕ್ಷರ, ಒಂದು ಒತ್ತು. ಹಾಕಿಬಿಡಲಾ?

ಹಳೇ ರೆಕಾರ್ಡು:
ತಡೆಯಿರಿ. ಪದ ಚೆಂದ ಇದೆ, ಆದರೆ ತಲೆಕೆಳಗು. ಮಟ್ಟಿನಲ್ಲಿ ಉಳಿಯೋದು ಹಾಡುವ ಧಾಟಿ, ಬದಲಾಗೋದು ಸಾಹಿತ್ಯ. ರಿದಿಮ್‌ನಲ್ಲಿ ಉಳಿಯೋದು ಹಿಂದಿನ ವಾದ್ಯದ ಕಟ್ಟು ಮಾತ್ರ. ಗಾಯಕ ಸಾಹಿತ್ಯವನ್ನೂ ಧಾಟಿಯನ್ನೂ ತಾನೇ ಹೊಸದಾಗಿ ತರುತ್ತಾನೆ. ಮೇಷ್ಟ್ರ ಭಾಷೆಯಲ್ಲೇ ಹೇಳೋದಾದರೆ ಹಿಮ್ಮೇಳ ಅದೇ, ಮುಮ್ಮೇಳ ಪೂರ್ತಿ ಹೊಸದು.

ಇದು ಯಾಕೆ ಹೀಗಾಯಿತು ಅನ್ನೋದೂ ಗೊತ್ತಿರಲಿ, ನಿಮ್ಮ ಚಿತ್ರದಲ್ಲಿ ಬಂದೇ ಬರುತ್ತೆ. ಟೇಪು ಸ್ಟುಡಿಯೋ ಮಾಲೀಕನದು. ವಾದ್ಯದವರನ್ನು ಮತ್ತೆ ಕರೆಸಿದರೆ ಮತ್ತೆ ದುಡ್ಡು. ಹಳೆಯ ಟೇಪಿನಿಂದ ದನಿ ತೆಗೆದು ಹೊಸ ಗಾಯಕನನ್ನು ಕೂರಿಸಿದರೆ ಹೊಸ ಹಾಡು ತಯಾರು. ಸ್ಟುಡಿಯೋ ಒನ್ ನಡೆಸುತ್ತಿದ್ದ ಕಾಕ್ಸೋನ್ ಡಾಡ್ 60ರ ದಶಕದ ಟೇಪುಗಳನ್ನು 70ರ ದಶಕದಲ್ಲಿ ಹೀಗೆ ಮತ್ತೆ ಮತ್ತೆ ದುಡಿಸಿಕೊಂಡರು. ರೆಕಾರ್ಡಿನ ಹಿಂದಿನ ಮಗ್ಗುಲಲ್ಲಿ ದನಿ ಇಲ್ಲದ ‘ವರ್ಷನ್’ ಇರುತ್ತಿತ್ತು, ಅದರ ಮೇಲೆ ಮೈಕ್ ಹಿಡಿದು ಮಾತು ಹೊಸೆಯುವುದೇ ಒಂದು ಕಲೆ ಆಯಿತು. ಆಮೇಲೆ 1985ರಲ್ಲಿ ‘ಸ್ಲೆಂಗ್ ಟೆಂಗ್’ ಅನ್ನೋ ರಿದಿಮ್ ಬಂತು. ಕ್ಯಾಸಿಯೊ ಕಂಪನಿಯ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ಒಂದು ಬೀಟು ಅಷ್ಟೇ. ನಿರ್ಮಾಪಕ ಕಿಂಗ್ ಜಾಮಿ ಅದನ್ನು ನಿಧಾನ ಮಾಡಿ ಬಿಟ್ಟರು, ನೂರಾರು ಹಾಡು ಅದರ ಮೇಲೆ ಹುಟ್ಟಿದವು. ಅದರಲ್ಲಿ ಮಟ್ಟು ಎಲ್ಲಿದೆ?

ಹೊನ್ನಾವರದ ಮೇಷ್ಟ್ರು:
ಹಿಮ್ಮೇಳ-ಮುಮ್ಮೇಳ ಅಂತ ನೀವೇ ಹೇಳಿದಿರಿ. ಹಾಗಾದರೆ ‘ಹಿಮ್ಮೇಳ’ ಅಂತಲೇ ಇಡಿ. ಮೆಟ್ಟು ಧಾತುವಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಪಿಟೀಲು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಮಾತು ಹೇಳಿ ಹೋಗುತ್ತೇನೆ. ‘ರಿದಿಮ್’ ಇಂಗ್ಲಿಷಿನ ‘ರಿದಮ್’ ಅಲ್ಲ. ಜಮೈಕಾದವರು ಆ ಪದ ತೆಗೆದುಕೊಂಡು, ತಮ್ಮ ಬಾಯಿಗೆ ಹೊಂದಿಸಿಕೊಂಡು, ಬೇರೆಯದೇ ಅರ್ಥ ತುಂಬಿದರು. ನಾವು ‘ಫಿಡ್ಲ್’ ತೆಗೆದುಕೊಂಡು ‘ಪಿಟೀಲು’ ಮಾಡಲಿಲ್ವಾ? ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದ ಮೇಲೆ ಅದನ್ನು ಪರದೇಶಿ ಪದ ಅನ್ನುವ ಧೈರ್ಯ ಯಾರಿಗಿದೆ? ಹಾಗೆ ಒಬ್ಬರು ಕಷ್ಟಪಟ್ಟು ತಮ್ಮದು ಮಾಡಿಕೊಂಡ ಪದವನ್ನು ‘ಲಯ’ ಅಂತ ತಿರುಗಿಸಿದರೆ ಅವರು ಮಾಡಿದ ಕೆಲಸವನ್ನೇ ಅಳಿಸಿದ ಹಾಗೆ. ರಿದಿಮ್ ರಿದಿಮ್ಮೇ ಆಗಿರಲಿ. ಕನ್ನಡದ ಬಾಯಿಗೆ ಕಷ್ಟವೂ ಇಲ್ಲ, ‘ರಿದಿಮ್ಮು, ರಿದಿಮ್ಮಿನ ಮೇಲೆ’, ಚೆನ್ನಾಗಿಯೇ ವಿಭಕ್ತಿ ಹಿಡಿಯುತ್ತೆ.

ಬೇರುಗನ್ನಡ:
ಇದೇ ವಾದದಿಂದ ಎಲ್ಲ ಪದಗಳನ್ನೂ ಒಳಗೆ ಬಿಟ್ಟುಕೊಂಡೇ ಈ ಗತಿ ಬಂದಿದೆ. ‘ನಮ್ಮ ಬಾಯಿಗೆ ಹೊಂದಿತು’ ಅನ್ನೋದು ಸೋಲಿನ ಸಮರ್ಥನೆ. ಬೇರೆ ನುಡಿಯವರು ನಮ್ಮಿಂದ ಒಂದು ಪದ ತೆಗೆದುಕೊಂಡಿದ್ದಾರಾ, ಹೇಳಿ.

ಹಳೇ ರೆಕಾರ್ಡು:
ಜಮೈಕಾದವರೇ ತೆಗೆದುಕೊಂಡಿದ್ದಾರೆ, ‘ಗಾಂಜಾ’. 1845ರಲ್ಲಿ ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಭಾರತದಿಂದ ಹಡಗು ಹತ್ತಿದ ಜನರೊಂದಿಗೆ ಆ ಪದ ಹೋಯಿತು. ರೂಟ್ಸ್ ಹಾಡುಗಳಲ್ಲಿ ಆ ಪದ ಎಷ್ಟು ಸಲ ಕೇಳುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಅವರಲ್ಲಿ ಯಾರೂ ಕೂತು ‘ಅಚ್ಚ ಜಮೈಕನ್’ ಪದ ಹುಡುಕಲಿಲ್ಲ.

ಬೇರುಗನ್ನಡ:
ಅದು ಹಿಂದಿಯಿಂದ ಹೋದದ್ದು. ಕನ್ನಡದಲ್ಲಿ ‘ಭಂಗಿ’. ನಿಮ್ಮ ಉದಾಹರಣೆಯೇ ನನ್ನ ವಾದ.

ಮೈಕ್‌ಸೆಟ್:
ನಿಮ್ಮ ಜಗಳ ಮುಂದುವರಿಸಿ. ಪಾಪ ಆ ಮೇಡಂ ನಾಳೆ ಕಳಿಸಬೇಕು.

‘ಧ್ವನಿವ್ಯವಸ್ಥೆ’ ಅಂದರೆ ಜಿಲ್ಲಾಧಿಕಾರಿ ಕಚೇರಿಯ ಸುತ್ತೋಲೆ. ನಮ್ಮ ಊರ ಹಬ್ಬದಲ್ಲಿ, ಮದುವೆಯಲ್ಲಿ ಯಾರೂ ಹಾಗನ್ನಲ್ಲ. ‘ಮೈಕ್‌ಸೆಟ್’ ಅಂತಾರೆ, ಅಂಗಡಿ ಬೋರ್ಡಿನಲ್ಲಿ ‘ಸೌಂಡ್ಸ್’ ಅಂತಿರುತ್ತೆ. ಆದರೆ ಜಮೈಕಾದ ಸೌಂಡ್ ಸಿಸ್ಟಮ್ ಬರೀ ಸಾಮಾನಲ್ಲ. ಅದು ಪೂರ್ತಿ ಒಂದು ತಂಡ, ಹೆಸರಿರೋ ತಂಡ. ಸ್ಪೀಕರ್ ಪೆಟ್ಟಿಗೆ ಹೊರುವವರಿಂದ ಹಿಡಿದು ಮೈಕಿನವನವರೆಗೆ. 50ರ ದಶಕದಲ್ಲಿ ಬ್ಯಾಂಡ್ ಕರೆಸೋ ಶಕ್ತಿ ಇಲ್ಲದ ಕಿಂಗ್‌ಸ್ಟನ್ ಬಡಾವಣೆಗಳಲ್ಲಿ ಡ್ಯೂಕ್ ರೀಡ್, ಕಾಕ್ಸೋನ್ ಇಂಥವರು ಅಮೆರಿಕದ ರೆಕಾರ್ಡು ತಂದು ಬಯಲಲ್ಲಿ ಹಾಕುತ್ತಿದ್ದರು. ಎದುರಾಳಿಗೆ ಹಾಡಿನ ಹೆಸರು ಗೊತ್ತಾಗಬಾರದು ಅಂತ ಲೇಬಲ್ ಕೆರೆದು ಹಾಕುತ್ತಿದ್ದರಂತೆ. ಕಿಂಗ್ ಟಬ್ಬಿ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಆಂಪ್ಲಿಫೈಯರ್ ತಾವೇ ಕಟ್ಟಿದರು. ಇದು ನಮ್ಮ ಮೈಕ್‌ಸೆಟ್‌ನವರ ಜಾತಿಯೇ. ಮೊದಲ ಸಲ ‘ಸೌಂಡ್ ಸಿಸ್ಟಮ್ ತಂಡ’ ಅಂತ ಹಾಕಿ, ಆಮೇಲೆ ‘ಸೌಂಡ್’ ಅಂತ ಬಿಡಿ. ಅಲ್ಲಿನವರೂ ಹಾಗೇ ಮೊಟಕು ಮಾಡುತ್ತಾರೆ.

ಮುಖ್ಯವಾಗಿ ಡೀಜೆ ಹತ್ತಿರ ಎಡವಬೇಡಿ. ಇಲ್ಲಿ ಡೀಜೆ ಅಂದರೆ ಹಾಡು ಹಾಕುವವನು, ಇಲ್ಲವೇ ಗಣಪತಿ ಮೆರವಣಿಗೆಯ ಲಾರಿ. ಜಮೈಕಾದಲ್ಲಿ ಡೀಜೆ ಅಂದರೆ ಹಾಡಿನ ಮೇಲೆ ಮೈಕಿನಲ್ಲಿ ಮಾತು ಹೊಸೆಯುವವನು, ಯು-ರಾಯ್ ಥರ. ರೆಕಾರ್ಡು ಹಾಕುವವನು ಸೆಲೆಕ್ಟರ್. ‘ಡೀಜೆ’ ಅಂತಲೇ ಬರೆದರೆ ನೋಡುವವರು ತಪ್ಪು ಮನುಷ್ಯನನ್ನು ನೋಡುತ್ತಾರೆ. ‘ಮೈಕಿನವನು’, ‘ರೆಕಾರ್ಡಿನವನು’ ಅಂತ ಬರೆಯಿರಿ, ಮುಗೀತು.

ಸುಮಾ:
ಸರ್, ಇದು ನಿಜವಾಗಲೂ ಕೈ ಹಿಡಿಯಿತು, ಒಂದು ದೃಶ್ಯದಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿದ್ದಾರೆ. ಇನ್ನೆರಡು ಉಳಿದಿವೆ. ಒಂದು, ‘ರೆಗೆ ರಿವೈವಲ್’. ಕ್ರಾನಿಕ್ಸ್, ಪ್ರೋಟೋಜೆ, ಜಾ-ನೈನ್ ಈ ಹೊಸ ಗಾಯಕರನ್ನೆಲ್ಲ ಸೇರಿಸಿ ಹಾಗೆ ಕರೆಯುತ್ತಾರೆ. ‘ಪುನರುಜ್ಜೀವನ’ ಸರಿಯಾ? ಎರಡು, ಕಾಫಿ ಅನ್ನೋ ಗಾಯಕಿ, ಅವರ ಹಾಡಿನ ಹೆಸರು ‘ಟೋಸ್ಟ್’. ‘ಕಾಫಿಯ ಟೋಸ್ಟ್’ ಅಂತ ತೆರೆ ಮೇಲೆ ಬಂದರೆ ದರ್ಶಿನಿಯ ಬಿಲ್ಲಿನ ಥರ ಕಾಣುತ್ತೆ.

ಹಳೇ ರೆಕಾರ್ಡು:
‘ಗಾಯಕಿ ಕಾಫಿ’ ಅನ್ನಿ, ಹಾಡಿಗೆ ಉದ್ಧರಣ ಚಿಹ್ನೆ ಹಾಕಿ. 2000ದಲ್ಲಿ ಹುಟ್ಟಿದ ಹುಡುಗಿ, 2020ರಲ್ಲಿ ರೆಗೆ ಆಲ್ಬಮ್‌ಗೆ ಗ್ರ್ಯಾಮಿ ಪಡೆದರು, ಆ ವಿಭಾಗದಲ್ಲಿ ಒಬ್ಬರೇ ಹಾಡಿ ಗೆದ್ದ ಮೊದಲ ಹೆಣ್ಣುಮಗಳು. ಅವರ ಹೆಸರನ್ನು ಅನುವಾದ ಮಾಡೋ ಆಸೆ ಯಾರಿಗೂ ಬರದಿರಲಿ.

‘ಪುನರುಜ್ಜೀವನ’ ಬೇಡ. ಸತ್ತದ್ದಕ್ಕೆ ಅಲ್ವಾ ಮರುಜೀವ? ರೂಟ್ಸ್ ಸತ್ತಿರಲಿಲ್ಲ. 80ರ ದಶಕದಿಂದ ಡಾನ್ಸ್‌ಹಾಲ್ ಅನ್ನೋ ಹೊಸ ಬಗೆಯ ಸಂಗೀತ ಜೋರಾಯಿತು, ರೇಡಿಯೊದಲ್ಲಿ ಇದು ಹಿಂದೆ ಸರಿಯಿತು ಅಷ್ಟೇ. ಲಂಡನ್ನಿನಲ್ಲಿ ಜಾ ಶಾಕಾ 70ರ ದಶಕದಿಂದ 2023ರಲ್ಲಿ ತೀರಿಕೊಳ್ಳುವ ತನಕ ತಮ್ಮ ಸೌಂಡ್ ನಡೆಸಿದರು. ಹುಡುಗರು ಹೋಗಿ ನಿಂತದ್ದು ಅವರ ಮುಂದೆಯೇ. ಇನ್ನೊಂದು ತೊಡಕು ಇದೆ. ‘ರಿವೈವಲ್’ ಅನ್ನೋದು ಜಮೈಕಾದಲ್ಲಿ 1860ರ ದಶಕದಿಂದ ಇರುವ ಒಂದು ಪಂಥದ ಹೆಸರು ಕೂಡ. ನಿಮ್ಮ ಚಿತ್ರದಲ್ಲಿ ಅಜ್ಜಿ ಯಾರಾದರೂ ‘ನಾನು ರಿವೈವಲ್‌ನವಳು’ ಅಂದರೆ ಅದು ಹಾಡಿನ ಮಾತಲ್ಲ. ಹಾಡಿನದಕ್ಕೆ ‘ರೆಗೆಯ ಹೊಸ ಅಲೆ’ ಸಾಕು.

ಬೇರುಗನ್ನಡ:
‘ಮರುಹುಟ್ಟು’. ಅಲೆ ಅನ್ನೋದು ಪತ್ರಿಕೆಯವರ ಸವಕಲು ಪದ.

ಸುಮಾ:
‘ಹೊಸ ಅಲೆ’ ಹಾಕಿದೆ. ಕೊನೆಯದು, ಇದು ಎಲ್ಲಕ್ಕಿಂತ ಕಷ್ಟ. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರೋದಿಲ್ಲ, ಜನ ‘ವೀಲ್!’, ‘ಪುಲ್ ಅಪ್!’ ಅಂತ ಕಿರುಚುತ್ತಾರೆ. ರೆಕಾರ್ಡಿನವನು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹಾಕುತ್ತಾನೆ. ಹಾಡು ಅಷ್ಟು ಹಿಡಿಸಿತು ಅಂತ ಅರ್ಥ. ‘ಹಿಂದಕ್ಕೆ ತಿರುಗಿಸು’ ಅಂತ ಬರೆದರೆ ಬಸ್ ಡ್ರೈವರಿಗೆ ಹೇಳಿದ ಹಾಗಿದೆ.

ಹೊನ್ನಾವರದ ಮೇಷ್ಟ್ರು:
‘ಒನ್ಸ್ ಮೋರ್’! ಕಂಪನಿ ನಾಟಕದಲ್ಲಿ ರಂಗಗೀತೆ ಹಿಡಿಸಿದರೆ ಜನ ಕೂಗುತ್ತಿದ್ದದ್ದೇ ಅದು, ನಟರು ಅಲ್ಲೇ ಕಥೆ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಇಂಗ್ಲಿಷ್ ಒಂದಕ್ಷರ ಬಾರದವರೂ ಕೂಗುತ್ತಿದ್ದರು. ಅದು ಕನ್ನಡದ ಪದವೇ.

ಪಿಟೀಲು:
ಮೇಷ್ಟ್ರಿಗೆ ಜೈ.

ಬೇರುಗನ್ನಡ:
‘ಇನ್ನೊಂದ್ಸಲ’ ಅನ್ನೋಕೆ ಏನು ಅಡ್ಡಿ? ಒಬ್ಬರಾದರೂ ಕಾರಣ ಹೇಳಿ.

ಹೊನ್ನಾವರದ ಮೇಷ್ಟ್ರು:
ಯಾರೂ ಹಾಗೆ ಕೂಗಲಿಲ್ಲ, ಅದೇ ಕಾರಣ. ಮೆಟ್ಟು ಧಾತುವಿನ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ, ಆಸಕ್ತರು ಅಲ್ಲಿಗೆ ಬನ್ನಿ.

ಸುಮಾ:
ಅಕ್ಷರ ಎಣಿಸಿದೆ, ಎರಡೂ ಹಿಡಿಯುತ್ತೆ. ‘ಒನ್ಸ್ ಮೋರ್’ ಹಾಕಿ ಕಳಿಸಿಬಿಟ್ಟೆ. ರಿದಿಮ್ ರಿದಿಮ್ಮಾಗಿಯೇ ಹೋಯಿತು, ಮೊದಲ ಸಲ ಬಂದಾಗ ಮಾತ್ರ ‘ಅದೇ ಹಿಮ್ಮೇಳ, ಹೊಸ ಹಾಡು’ ಅಂತ ಒಂದು ಸಾಲು ನುಗ್ಗಿಸಿದ್ದೇನೆ. ಎಲ್ಲರಿಗೂ ಧನ್ಯವಾದ.

ಬೇರುಗನ್ನಡ:
‘ನನ್ನಿ’.