ಕಲಬುರಗಿ ಭಾಗದ ಪ್ರಾಥಮಿಕ ಶಾಲಾ ದಾಖಲಾತಿ: 30 ವರ್ಷಗಳ ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ: ಸೇಡಂ ತಾಲ್ಲೂಕಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕೆಂದು 1990ರ ದಶಕದಿಂದ ಈಚಿನ ಜಿಲ್ಲಾ ಅಂಕಿಗಳನ್ನು ಜೋಡಿಸಲು ಕುಳಿತರೆ, 2010ರ ಹೊತ್ತಿಗೆ ಕಲಬುರಗಿಯ ದಾಖಲಾತಿ ಏಕಾಏಕಿ ಕುಸಿದಂತೆ ಕಾಣುತ್ತದೆ. ಸಾಕ್ಷರತೆ ಮಾತ್ರ 2001ರ ಶೇ 50ರಿಂದ 2011ರಲ್ಲಿ ಶೇ 64.85ಕ್ಕೆ ಏರಿದೆ. ಮಕ್ಕಳು ಶಾಲೆ ಬಿಡುತ್ತಿದ್ದಾರೆಯೇ, ಬೇರೆ ಶಾಲೆಗೆ ಹೋಗುತ್ತಿದ್ದಾರೆಯೇ, ಅಥವಾ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ಕಲಬುರಗಿಯ ನಿವೃತ್ತ ಸಿಆರ್‌ಪಿ (ಶಾಲೆಗಳ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ)

ಸರ್, ನೀವು ಕಂಡ ಕುಸಿತ ಬಹುಮಟ್ಟಿಗೆ ಗಡಿಯದು, ಮಕ್ಕಳದ್ದಲ್ಲ. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಪ್ರತ್ಯೇಕ ಜಿಲ್ಲೆಯಾದವು. 2011ರ ಜನಗಣತಿಯಂತೆ ಕಲಬುರಗಿಯಲ್ಲಿ ಉಳಿದವರು 25.66 ಲಕ್ಷ, ಯಾದಗಿರಿಗೆ ಸೇರಿದವರು 11.74 ಲಕ್ಷ, ಹಳೆಯ ಜಿಲ್ಲೆಯ ಸುಮಾರು ಮೂರನೇ ಒಂದು ಭಾಗವೇ ನಿಮ್ಮ ಪಟ್ಟಿಯಿಂದ ಹೊರಗುಳಿದಂತಾಯಿತು. ಸಾಕ್ಷರತೆಯ ಏರಿಕೆಯಲ್ಲೂ ಇದೇ ತೊಡಕಿದೆ. 2001ರ ಶೇ 50 ಯಾದಗಿರಿಯನ್ನೂ ಒಳಗೊಂಡ ಲೆಕ್ಕ, 2011ರ ಶೇ 64.85 ಅದನ್ನು ಬಿಟ್ಟ ಲೆಕ್ಕ. ಶೇ 51.83ರೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಯಾದಗಿರಿಯನ್ನು ಮತ್ತೆ ಕೂಡಿಸಿದರೆ ಹಳೆಯ ಜಿಲ್ಲೆಯ ಸಾಕ್ಷರತೆ ಶೇ 61ರ ಆಸುಪಾಸಿಗೆ ಬರುತ್ತದೆ. ಹತ್ತು ವರ್ಷಗಳ ನಿಜವಾದ ಏರಿಕೆ ಸುಮಾರು 11 ಅಂಶಗಳೇ ಹೊರತು 15 ಅಲ್ಲ.

ತರಗತಿಗಳನ್ನೂ ನೋಡಿಕೊಳ್ಳಿ: ಹಳೆಯ ರಾಜ್ಯ ವರದಿಗಳಲ್ಲಿ ಪ್ರಾಥಮಿಕ ಎಂದರೆ 1ರಿಂದ 7, ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನಲ್ಲಿ 1ರಿಂದ 5. ಅಲ್ಲದೆ 2022-23ರಿಂದ ಯು-ಡೈಸ್‌ನಲ್ಲಿ ಶಾಲೆಯ ಒಟ್ಟು ಸಂಖ್ಯೆಯ ಬದಲು ಒಬ್ಬೊಬ್ಬ ಮಗುವಿನ ವಿವರವನ್ನೇ ತುಂಬಲಾಗುತ್ತಿದೆ; ಎರಡು ಕಡೆ ಹೆಸರಿದ್ದ ಮಗು ಈಗ ಒಮ್ಮೆ ಮಾತ್ರ ಎಣಿಕೆಗೆ ಬರುವುದರಿಂದ, ಅಲ್ಲಿಂದಾಚೆಗಿನ ಇಳಿಕೆಯನ್ನು ಹಿಂದಿನ ವರ್ಷಗಳ ಪಕ್ಕದಲ್ಲಿಟ್ಟು ಅಳೆಯಲಾಗದು.

ಇಷ್ಟೆಲ್ಲ ಹೇಳಿದರೂ ಆ ಅವಧಿಯಲ್ಲಿ ನಿಜವಾದ ಬದಲಾವಣೆ ಆಗಲೇ ಇಲ್ಲವೆಂದಲ್ಲ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ನಮ್ಮ ಗುಲ್ಬರ್ಗ, ಬೀದರ್ ಸೇರಿದ ಏಳು ಜಿಲ್ಲೆಗಳಲ್ಲಿ. ಬಿಸಿಯೂಟ ಹೆಣ್ಣುಮಕ್ಕಳನ್ನೂ ತಾಂಡಾದ ಮಕ್ಕಳನ್ನೂ ಶಾಲೆಯೊಳಗೆ ಉಳಿಸಿತು ಎಂಬುದು ನನ್ನ ದೃಢವಾದ ನಂಬಿಕೆ.

ಉತ್ತರ: ಸುರಪುರ ಕಡೆಯ ಶಿಕ್ಷಕಿ

ಸರ್ ಹೇಳಿದ್ದೆಲ್ಲ ಸರಿ. ಆದರೆ ದಾಖಲಾತಿಯ ಅಂಕಿ ಜೂನ್ ತಿಂಗಳ ಮಾತು. ದೀಪಾವಳಿ ಮುಗಿಯುತ್ತಲೇ ನಮ್ಮ ಕಡೆಯ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಊರಲ್ಲೇ ಉಳಿದವರ ಮಕ್ಕಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಕರೆದೊಯ್ಯುತ್ತಾರೆ. ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರು ಉಳಿದಿರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. ತಿಂಗಳುಗಟ್ಟಲೆ ಪಾಠ ತಪ್ಪಿದ ಮಗು ಬೇಸಿಗೆಯ ಹೊತ್ತಿಗೆ ಮರಳಿ, ಓದಲು ಬಾರದಿದ್ದರೂ ಮುಂದಿನ ತರಗತಿಗೆ ಹೋಗುತ್ತದೆ. ಇಂಥ ಮಕ್ಕಳು ಐದನೇ ತರಗತಿ ಮುಗಿಸಿ ಬೇರೆ ಊರಿನ ಶಾಲೆಗೆ ಹೋಗಬೇಕಾದಾಗ, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲಿಗೇ ನಿಂತುಬಿಡುವುದನ್ನು ಕಂಡು ಬಹಳ ಸಂಕಟವಾಗುತ್ತದೆ. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಋತುಮಾನ ವಸತಿ ವ್ಯವಸ್ಥೆ ಬೇಕೆಂದು ಗ್ರಾಮಸಭೆಯಲ್ಲಿ ದಯವಿಟ್ಟು ಕೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಕ್ಕಳು ಖಾಸಗಿ ಶಾಲೆಗೆ ಹೋಗುವುದನ್ನೂ ಜನನ ಇಳಿಕೆಯನ್ನೂ ಒಂದೇ ಊರಿನಲ್ಲಿ ಬೇರ್ಪಡಿಸಿ ನೋಡಲು ಸಾಧ್ಯವೇ?

ಉತ್ತರ: ಭಾಲ್ಕಿಯ ಓದುಗ

ಸಾಧ್ಯವಿದೆ. ಜಿಲ್ಲೆಯ ಶೇಕಡಾವಾರು ಅಂಕಿಗಳನ್ನು ಇದಕ್ಕೆ ನೆಚ್ಚಬೇಡಿ. 2011ರ ನಂತರದ ಜನಗಣತಿಯ ಎಣಿಕೆ ಇನ್ನೂ ಕೈಗೆ ಬಾರದ ಕಾರಣ ಆ ವಯಸ್ಸಿನ ಮಕ್ಕಳ ಸಂಖ್ಯೆ ಬರೀ ಅಂದಾಜು. ಬದಲಿಗೆ ಅಂಗನವಾಡಿಯ ಸಮೀಕ್ಷೆ ಪುಸ್ತಕದಲ್ಲಿ ಐದಾರು ವರ್ಷದ ಎಷ್ಟು ಮಕ್ಕಳಿದ್ದಾರೆಂದು ಪ್ರತಿ ವರ್ಷದ್ದನ್ನೂ ತೆಗೆಸಿ. ಅದೇ ಇಳಿಯುತ್ತಿದ್ದರೆ ಜನನ ಕಡಿಮೆಯಾಗಿದೆ ಇಲ್ಲವೇ ಕುಟುಂಬಗಳು ಊರು ಬಿಟ್ಟಿವೆ. ಅದು ಹಾಗೇ ಇದ್ದು ಸರ್ಕಾರಿ ಶಾಲೆಯ ಒಂದನೇ ತರಗತಿ ಮಾತ್ರ ಇಳಿಯುತ್ತಿದ್ದರೆ, ವ್ಯಾನು ಹತ್ತಿ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮಕ್ಕಳನ್ನು ಮನೆಮನೆಗೆ ಹೋಗಿ ಎಣಿಸಬೇಕು. ಸರ್ಕಾರಿ ಶಾಲೆಯಲ್ಲೂ ಖಾಸಗಿ ಶಾಲೆಯಲ್ಲೂ ಸಿಗದ ಮಗುವೇ ಶಾಲೆಯಿಂದ ಹೊರಗುಳಿದ ಮಗು. ಗ್ರಾಮಸಭೆಯ ಮುಂದೆ ಮೊದಲು ಇಡಬೇಕಾದದ್ದು ಆ ಪಟ್ಟಿ. ಅದರ ಜೊತೆಗೆ ಜೂನ್ ದಾಖಲಾತಿಯ ಪಕ್ಕದಲ್ಲಿ ಜನವರಿಯ ಹಾಜರಿಯನ್ನೂ ಬರೆದುಕೊಡುವಂತೆ ಮುಖ್ಯ ಶಿಕ್ಷಕರನ್ನು ಕೇಳಿ.