ಕೋಲ್ಕತ್ತ–ಮುಂಬೈ: ದಾರಿಮಧ್ಯೆ ಎಫ್‌ಎಂಸಿ (ವಿಮಾನದ ಹಾರಾಟದ ಕಂಪ್ಯೂಟರ್) ಇಂಧನದ ಲೆಕ್ಕ ಕರಗ್ತಾ ಹೋಗುತ್ತೆ, ಯಾರಾದ್ರೂ ನೋಡಿ

ಹಾರಂಗಿ_ಹಕ್ಕಿ (ಸೋಮವಾರಪೇಟೆ):
ನಾಲ್ಕು ರಾತ್ರಿಯಿಂದ ತಲೆ ಕೆಟ್ಟುಹೋಗಿದೆ. ಹಗಲೆಲ್ಲ ಕಾಫಿ ಕೊಯ್ಲು, ಉಂಡು ಫ್ಲೈಟ್ ಸಿಮ್ಯುಲೇಟರ್ ಮುಂದೆ ಕೂತರೆ ಇದೇ ಗೋಳು. ಬೋಯಿಂಗ್ 737-800, ಎಫ್‌ಎಲ್ 360 (36,000 ಅಡಿ ಎತ್ತರ). ಹೊರಡುವಾಗ ಎಫ್‌ಎಂಸಿಯ ಪ್ರೋಗ್ರೆಸ್ ಪೇಜ್ ಮುಂಬೈಯಲ್ಲಿ 3.8 ಟನ್ ಇಂಧನ ಉಳಿಯುತ್ತೆ ಅನ್ನುತ್ತೆ. ರಾಯಪುರ ದಾಟಿದರೆ 3.1, ನಾಗಪುರಕ್ಕೆ 2.8. ಮುಂಬೈ ಇನ್ನೂ 150 ಮೈಲಿ ಇರುವಾಗ ‘ಯೂಸಿಂಗ್ ರಿಸರ್ವ್ ಫ್ಯೂಯಲ್’ ಅಂತ ಎಚ್ಚರಿಕೆ, ಅಂದರೆ ಮೀಸಲು ಇಂಧನಕ್ಕೇ ಕೈ. ಆಗಸ್ಟಲ್ಲಿ ಇದೇ ರೂಟ್ ಸರಿಯಾಗಿತ್ತು. ಎಲ್ಲ ಸರಿಯಾಗೇ ತುಂಬಿದ್ದೇನೆ.

ಕುಶಾಲನಗರ_ಕ್ಯಾಪ್ಟನ್:
ಕಾಸ್ಟ್ ಇಂಡೆಕ್ಸ್ (ಸಮಯದ ಖರ್ಚಿಗೂ ಇಂಧನದ ಖರ್ಚಿಗೂ ಇರುವ ಅನುಪಾತ) ಎಷ್ಟು?

ಹಾರಂಗಿ_ಹಕ್ಕಿ:
35.

ಕುಶಾಲನಗರ_ಕ್ಯಾಪ್ಟನ್:
ಅದೇ ಕಾರಣ. 10ಕ್ಕೆ ಇಳಿಸಿ. ಸೊನ್ನೆ ಕೊಟ್ಟರೆ ಅತಿ ಕಡಿಮೆ ಇಂಧನಕ್ಕೆ ಅತಿ ಹೆಚ್ಚು ದೂರ. ಅಂಕಿ ಏರಿದಷ್ಟೂ ವೇಗ, ವೇಗ ಏರಿದಷ್ಟೂ ಖರ್ಚು.

ಹಾರಂಗಿ_ಹಕ್ಕಿ:
10 ಹಾಕಿದೆ, 0 ಹಾಕಿದೆ. ಆಗಲೂ ಕರಗುತ್ತೆ.

ಕುಶಾಲನಗರ_ಕ್ಯಾಪ್ಟನ್:
ಹಾಕಿದ ಮೇಲೆ ಎಕ್ಸಿಕ್ಯೂಟ್ ಒತ್ತಿದ್ರಾ? ಕ್ರೂಸ್ ಪೇಜಲ್ಲಿ ಇಕಾನ್ ವೇಗ (ಮಿತವ್ಯಯದ ವೇಗ) ಇಳಿಯಿತಾ ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಕಾಸ್ಟ್ ಇಂಡೆಕ್ಸೇ.

ನಾಪೋಕ್ಲು320:
ನಾನು ಏರ್‌ಬಸ್ಸಲ್ಲಿ 35 ಹಾಕ್ತೇನೆ, ಏನೂ ತೊಂದರೆ ಇಲ್ಲ.

ಕುಶಾಲನಗರ_ಕ್ಯಾಪ್ಟನ್:
ಏರ್‌ಬಸ್ ಲೆಕ್ಕ ಇಲ್ಲಿ ತರಬೇಡಿ. ಅಲ್ಲಿ ಈ ಅಂಕಿಯ ಅಳತೆ ನಿಮಿಷಕ್ಕೆ ಕೆಜಿ, ಬೋಯಿಂಗಲ್ಲಿ ಗಂಟೆಗೆ ನೂರು ಪೌಂಡ್. ಅಂಕಿ ಒಂದೇ ಇದ್ದರೂ ಅರ್ಥ ಒಂದೇ ಅಲ್ಲ.

ನಾಪೋಕ್ಲು320:
ಅಷ್ಟು ನನಗೂ ಗೊತ್ತು ಸಾರ್.

ಅಮ್ಮತ್ತಿ_ಕಾಕ್‌ಪಿಟ್:
ಜಗಳ ಬಿಡಿ. ನಾನು ತೋಟದ ಸಿಲ್ವರ್ ಓಕ್ ಹಲಗೆಯಲ್ಲೇ ಥ್ರಾಟಲ್ ಕ್ವಾಡ್ರಂಟ್ (ಇಂಜಿನ್ ಹಿಡಿಕೆಗಳ ಪೆಟ್ಟಿಗೆ) ಮಾಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಎರಡು ಬ್ಯಾಟರಿಯ ಇನ್ವರ್ಟರ್ ಮೇಲೆ ಪೂರ್ತಿ ದೆಹಲಿ ಫ್ಲೈಟ್ ಮುಗಿಯುತ್ತೆ. ಭಾನುವಾರ ಫೋಟೋ ಹಾಕ್ತೇನೆ.

ತಡಿಯಂಡಮೋಳ್:
ಹಕ್ಕಿ ಅವರೇ, ಕಾಸ್ಟ್ ಇಂಡೆಕ್ಸ್ ಎಷ್ಟಿದ್ದರೂ ಎಫ್‌ಎಂಸಿ ಅದನ್ನು ಸೇರಿಸಿಕೊಂಡೇ ಮುಂದಿನ ಲೆಕ್ಕ ಹೇಳುತ್ತೆ. ಲೆಕ್ಕ ಹೀಗೆ ಒಂದೇ ಸಮ ಜಾರಬೇಕಾದರೆ ಕಾರಣ ಬೇರೆ ಇರಬೇಕು. ಕ್ರೂಸ್ ವಿಂಡ್ (ಹಾರುವ ಎತ್ತರದ ಗಾಳಿ) ಜಾಗದಲ್ಲಿ ಏನು ಹಾಕಿದ್ರಿ? ಅಂಕಿ ಸಮೇತ ಹೇಳಿ.

ಹಾರಂಗಿ_ಹಕ್ಕಿ:
090/80, ಅಂದರೆ ದಿಕ್ಕು 090 ಡಿಗ್ರಿ, ವೇಗ 80 ನಾಟ್. ಮ್ಯಾಪಲ್ಲಿ ಬಾಣ ಪೂರ್ವಕ್ಕೇ ಇದೆ, ಪೂರ್ವ ಅಂದರೆ 090 ತಾನೆ.

ತಡಿಯಂಡಮೋಳ್:
ಸಿಕ್ಕಿತು. ಗಾಳಿಗೆ ಹೆಸರು ಅದು ಬರುವ ದಿಕ್ಕಿನಿಂದ, ಹೋಗುವ ದಿಕ್ಕಿನಿಂದಲ್ಲ. ನೈಋತ್ಯ ಮುಂಗಾರು ನಮ್ಮ ಘಟ್ಟಕ್ಕೆ ನೈಋತ್ಯದಿಂದ ಬಂದು ಬಡಿಯುತ್ತಲ್ಲ, ಹಾಗೆ. ನಿಮ್ಮದು ಪಡುವಣ ಗಾಳಿ, 270/80 ಆಗಬೇಕು. ನೀವು ಎದುರುಗಾಳಿಯನ್ನು ಬೆನ್ನುಗಾಳಿ ಅಂತ ಬರೆದಿದ್ದೀರಿ.

ಲೆಕ್ಕ ಹಾಕಿ: ದಾರಿ ಸುಮಾರು 900 ನಾಟಿಕಲ್ ಮೈಲಿ, ಗಾಳಿಯಲ್ಲಿ ವಿಮಾನದ ವೇಗ 450 ನಾಟ್. ಎಫ್‌ಎಂಸಿ 530 ಅಂದುಕೊಂಡಿದೆ, ನಿಜಕ್ಕೂ ಸಿಗೋದು 370. ಮುಕ್ಕಾಲು ಗಂಟೆಯ ಹತ್ತಿರ ಹೆಚ್ಚು ಹಾರಾಟ. ಗಂಟೆಗೆ ಎರಡೂವರೆ ಟನ್ ಹಿಡಿದರೆ ನಿಮ್ಮ ಕೊರತೆ ಅಲ್ಲೇ ಇದೆ. ಹತ್ತಿರದ ಗಾಳಿಯನ್ನು ಎಫ್‌ಎಂಸಿ ತಾನೇ ಅಳೆದು ತಿದ್ದಿಕೊಳ್ಳುತ್ತೆ, ಮುಂದಿನದಕ್ಕೆ ನಿಮ್ಮ ಅಂಕಿಯನ್ನೇ ನಂಬುತ್ತೆ. ಅದಕ್ಕೇ ಒಮ್ಮೆಲೇ ಬೀಳದೆ ಚೂರುಚೂರೇ ಕರಗಿದ್ದು. ಆಗಸ್ಟಲ್ಲಿ ಪಡುವಣ ಜೆಟ್ ಗಾಳಿ ಹಿಮಾಲಯದ ಆಚೆ ಇರುತ್ತೆ, ಹಾಗಾಗಿ ಈ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಹಾರಂಗಿ_ಹಕ್ಕಿ:
ಅಣ್ಣಾ, ದೊಡ್ಡ ಉಪಕಾರ. 270/80 ಹಾಕಿದ ಕೂಡಲೇ ಗೇಟಲ್ಲೇ 2.1 ತೋರಿಸಿ ಎಚ್ಚರಿಕೆ ಬಂತು. ಒಂದು ಟನ್ ಹೆಚ್ಚು ತುಂಬಿಸಿ ಹೊರಟೆ, ಮುಂಬೈವರೆಗೂ ಲೆಕ್ಕ ಅಲುಗಾಡಲಿಲ್ಲ.

ಕುಶಾಲನಗರ_ಕ್ಯಾಪ್ಟನ್:
ಒಳ್ಳೆಯದಾಯ್ತು. ಆದರೂ ಎದುರುಗಾಳಿಗೆ 35 ಇರಲಿ, 10 ಬೇಡ. ನಿಧಾನ ಹೋದರೆ ಆ ಗಾಳಿಯಲ್ಲೇ ಹೆಚ್ಚು ಹೊತ್ತು ಇರಬೇಕಾಗುತ್ತೆ.

ನಾಪೋಕ್ಲು320:
ಮೊದಲು 10 ಹಾಕಿ ಅಂದವರು ನೀವೇ ಅಲ್ವಾ ಸಾರ್?

ಹಾರಂಗಿ_ಹಕ್ಕಿ:
ಇನ್ನೊಂದು ಕೇಳಬೇಕಿತ್ತು. ಎಫ್‌ಎಲ್ 320ರಲ್ಲಿ ಗಾಳಿ 55 ನಾಟ್ ಅಷ್ಟೇ ಇದೆ. ಕೆಳಗೆ ಇಂಜಿನ್ ಹೆಚ್ಚು ಕುಡಿಯುತ್ತೆ, ಆದರೆ ಎದುರುಗಾಳಿ 25 ನಾಟ್ ಕಡಿಮೆ. ಯಾವುದು ಲಾಭ? ಇವತ್ತು ರಾತ್ರಿ ಎರಡೂ ಹಾರಿಸಿ ಅಂಕಿ ಹಾಕ್ತೇನೆ.